ತಡವಾಗಿ ಸಿಕ್ಕ ಆಲ್ಬಮ್ ಯಾವ ಪಟ್ಟಿಗೆ?

ವರ್ಷದ ಮೆಚ್ಚಿನ ಆಲ್ಬಮ್‌ಗಳ ಪಟ್ಟಿ ಹಾಕಿದ ಮೇಲೆ ಅದಕ್ಕಿಂತ ಚೆನ್ನಾಗಿರೋದು ಸಿಕ್ಕಿದೆ, ಹಳೇ ಪಟ್ಟಿ ತಿದ್ದಲಾ, ಮುಂದಿನ ವರ್ಷಕ್ಕೆ ಸೇರಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಹಳೇ ಪಟ್ಟಿ ಹಾಗೇ ಇರಲಿ, ಅದು ಆಗ ನೀವು ಕೇಳಿದ್ದರ ಲೆಕ್ಕ. 'ತಡವಾಗಿ ಸಿಕ್ಕವು' ಅಂತ ಬೇರೆ ಪಟ್ಟಿ ಶುರು ಮಾಡಿ, ಬಿಡುಗಡೆಯಾದ ವರ್ಷ ಪಕ್ಕದಲ್ಲೇ ಬರೆಯಿರಿ.

ಇದು ನಿಮ್ಮೊಬ್ಬರ ಕಥೆ ಅಲ್ಲ. ಅಮೆರಿಕದ ಗಾಯಕ ಡಿ'ಆಂಜೆಲೊ ಅವರ 'ಬ್ಲ್ಯಾಕ್ ಮೆಸಾಯ' ಆಲ್ಬಮ್ ಬಂದಿದ್ದು 2014ರ ಡಿಸೆಂಬರ್ ಮಧ್ಯದಲ್ಲಿ, ಅಷ್ಟೊತ್ತಿಗೆ ಎಷ್ಟೋ ಪತ್ರಿಕೆಗಳ ಪಟ್ಟಿ ಹೊರಬಿದ್ದಾಗಿತ್ತು. ಆದರೂ ಜನವರಿಯಲ್ಲಿ ಬಂದ, ನ್ಯೂಯಾರ್ಕ್‌ನ 'ವಿಲೇಜ್ ವಾಯ್ಸ್' ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಅದೇ ಮೊದಲ ಸ್ಥಾನ ಪಡೆಯಿತು! ಇನ್ನು ಬ್ರಿಟನ್‌ನ ಗಾಯಕಿ ವಷ್ಟಿ ಬನ್ಯನ್ ಅವರದು ನನಗೆ ತುಂಬಾ ಕಾಡುವ ಉದಾಹರಣೆ: 1970ರ ಮೊದಲ ಆಲ್ಬಮ್ ಹೆಚ್ಚು ಜನ ಕೊಳ್ಳಲಿಲ್ಲ, ಅವರು ಹಾಡೋದನ್ನೇ ಬಿಟ್ಟರು, 2000ದಲ್ಲಿ ಅದು ಮತ್ತೆ ಬಿಡುಗಡೆಯಾಗಿ ಹೊಸ ಕೇಳುಗರು ಸಿಕ್ಕ ಮೇಲೆ 2005ರಲ್ಲಿ ಎರಡನೇ ಆಲ್ಬಮ್ ಮಾಡಿದರು. ತಡವಾಗಿ ಕೇಳಿದವರಿಂದಲೇ ಅಲ್ವಾ ಅದು ಆಗಿದ್ದು?

ಹಾಂ, ಸಿಕ್ಕ ಆಲ್ಬಮ್ ಯಾವುದು ಅಂತ ಹೇಳಲೇ ಇಲ್ಲ ನೀವು. ಹೆಸರು ಹಾಕಿ, ಇವತ್ತೇ ಕೇಳ್ತೀನಿ.