ಗೂಗಲ್‌ನ್ಯಾಗ ನಿನ್ನ ಮನಿ ವಿಳಾಸ

ತಮ್ಮಾ, ಸ್ವೀಡನ್ನಿಗೆ ಬಂದು ನಾಕು ತಿಂಗಳಾತು, ಗೂಗಲ್‌ನ್ಯಾಗ ನಿನ್ನ ಹೆಸರು ಹೊಡದ್ರ ಮನಿ ವಿಳಾಸ, ವಯಸ್ಸು ಎಲ್ಲಾ ಬಂತು, "ಅಣ್ಣಾರ, ಯಾರೋ ನನ್ನ ಮಾಹಿತಿ ಕದ್ದಾರ, ಪೊಲೀಸರಿಗೆ ಹೇಳ್ಲಾ?" ಅಂತ ಕೇಳಿದಿ. ಯಾರೂ ಕದ್ದಿಲ್ಲ. ಸರ್ಕಾರಿ ದಫ್ತರದಾಗ ಇದ್ದದ್ದನ್ನ ವೆಬ್‌ಸೈಟಿನವರು ತಗೊಂಡು ಹಾಕ್ಯಾರ. ದಫ್ತರ ಎಲ್ಲಾರಿಗೂ ತೆರದಿರಬೇಕು ಅನ್ನೂ ಕಾಯ್ದೆ ಇಲ್ಲೆ 1766ರಾಗ ಬಂತು, ನಮ್ಮ ಕಿತ್ತೂರ ಚೆನ್ನಮ್ಮ ಹುಟ್ಟೂದಕ್ಕ 12 ವರ್ಷ ಮೊದಲ.

ನಾ ಹೊಸದಾಗಿ ಬಂದಾಗ ಒಂದಿನ ಆಫೀಸಿನ್ಯಾಗ ಕಾಫಿ ಕುಡಕೋತ ಬಾಜೂ ಕುಂತಾವಗ "ನಿನ್ನ ಪಗಾರ ಎಷ್ಟು?" ಅಂತ ಕೇಳಿಬಿಟ್ಟೆ. ಬೈಲಹೊಂಗಲ ಬಸ್ಸಿನ್ಯಾಗ ಕಂಡಕ್ಟರ್ ಟಿಕೆಟ್ ಹರಿಯೂದ್ರಾಗ ಬಾಜೂದವರು ಯಾವೂರು, ಯಾರ ಮಗ, ಪಗಾರೆಷ್ಟು, ಮಕ್ಕಳೆಷ್ಟು ಕೇಳಿ ಮುಗಿಸಿರ್ತಾರಲ್ಲ, ಅದ ರೂಢಿ. ಬಾಯಿಗೆ ಒಯ್ದ ಕಪ್ಪು ಹಂಗ ಇಳಿಸಿ, ಅಂವ ದಾಲ್ಚಿನ್ನಿ ಬನ್ನಿನ ಸುರುಳಿ ಬಿಚ್ಚಕೋತ ಕುಂತ. ಮಾತಿಲ್ಲ. ಸಂಜೀಕ ಇನ್ನೊಬ್ಬಾಕಿ ಅಂದ್ಲು: "ಅವನ್ನ್ಯಾಕ ಕೇಳ್ತಿ? ತೆರಿಗೆ ಇಲಾಖೆಗೆ ಫೋನ್ ಮಾಡು." ಮಾಡಿದೆ. ನಾ ಯಾರು ಅಂತ ಕೇಳಲಿಲ್ಲ, ಯಾಕ ಬೇಕು ಅಂತ ಕೇಳಲಿಲ್ಲ, ತೆರಿಗೆ ಬಿದ್ದ ಅವನ ಆದಾಯ ಓದಿ ಹೇಳಿದರು. ಫೋನ್ ಇಟ್ಟ ಮ್ಯಾಲೆ ಕಳ್ಳತನ ಮಾಡಿದಂಗ ಆತು ನನಗ.

ಊರಾಗ ಸರ್ವೆ ನಂಬರ್ ಗೊತ್ತಿದ್ರ ಯಾರ ಹೊಲದ ಉತಾರ ಬೇಕಾದ್ರೂ ಆನ್‌ಲೈನಿನ್ಯಾಗ ನೋಡ್ತೀವಿ, ಯಾರೂ ಗಾಬರಿ ಆಗಂಗಿಲ್ಲ. ಇಲ್ಲೆ ಪಗಾರ ಹಂಗ. ನಮ್ಮ 2005ರ ಮಾಹಿತಿ ಹಕ್ಕಿನ್ಯಾಗೂ ಕಾರಣ ಹೇಳಬೇಕಿಲ್ಲ ಖರೆ, ಆದ್ರ ಅರ್ಜಿ ಮ್ಯಾಲೆ ಹೆಸರು, ವಿಳಾಸ ಬರದು 10 ರೂಪಾಯಿ ಕಟ್ಟಬೇಕು. ಆಮ್ಯಾಲೆ ಯಾರು ಕೇಳ್ಯಾರ ಅನ್ನೂದು ದಫ್ತರದಾಗಿನ ಉತ್ತರಕಿಂತ ಮೊದಲ ಊರು ಮುಟ್ಟಿರ್ತೈತಿ.

ದಫ್ತರ ತೆರದಾವಂತ ಮಂದಿನೂ ತೆರಕೊಂಡಾರ ಅಂತ ತಿಳೀಬ್ಯಾಡ ಮತ್ತ. ನನ್ನ ಎದುರು ಮನಿಯಾಂವ ಬಾಗಲ ಹಿಂದ ನಿಂತು, ಹೊರಗ ಸಪ್ಪಳ ನಿಂತ ಮ್ಯಾಲೆ ಚಿಲಕ ತೆಗೀತಾನ. ಒಂಬತ್ತು ವರ್ಷಾತು, ಬಟ್ಟಿ ಒಗಿಯೂ ಕೋಣ್ಯಾಗ ಸಿಕ್ರ "ಹೇ" ಅಂತಾನ, ಅಷ್ಟ. ನನ್ನ ಆದಾಯ ಮಾತ್ರ ಅವಗ ಒಂದು ಫೋನಿನ ದೂರದಾಗ ಐತಿ. ಮೊದಲೆಲ್ಲಾ ಸಿಟ್ಟು ಬರತಿತ್ತು, ಈಗ ಇದ ಛಲೋ ಅನಸ್ತೈತಿ. ಸಾಹೇಬರ ಪಗಾರನೂ ಹಂಗ ಸಿಗ್ತೈತಲ್ಲ!

ದವಾಖಾನಿ ಕಾಗದ ಯಾರಿಗೂ ಕೊಡಂಗಿಲ್ಲ. ಜೀವಕ್ಕ ಧಮಕಿ ಇದ್ದವರ ವಿಳಾಸ ಮುಚ್ಚಿಡಾಕ ದಾರಿ ಐತಿ. ನಗರಸಭೆಗೆ ಈಮೇಲ್ ಬರಿಯೂ ಮುಂದ ಮಾತ್ರ ಎರಡು ಸಲ ವಿಚಾರ ಮಾಡು, ನೀ ಬರದದ್ದನ್ನೂ ಯಾರರ ಕೇಳಿ ಓದಬಹುದು. ಮತ್ತ ಹೆಸರು, ಹುಟ್ಟಿದ ತಾರೀಕು ಸರಿಯಾಗಿ ಹೇಳಿ "ಬ್ಯಾಂಕಿನಿಂದ ಮಾತಾಡ್ತೀವಿ, ಬ್ಯಾಂಕ್‌ಐಡಿ (ಫೋನಿನ್ಯಾಗ ಗುರುತು ತೋರ್ಸೂ ಇಲ್ಲಿನ ಆ್ಯಪ್) ತೆಗೀರಿ" ಅಂದ್ರ ಫೋನ್ ಇಟ್ಟುಬಿಡು. ಅದನ್ನೆಲ್ಲಾ ಅಂವ ನಿನ್ನಂಗ ಗೂಗಲ್‌ನ್ಯಾಗ ನೋಡಿರ್ತಾನ.

ಬೆಳಗಾವಿಂದ ಕುಂದಾ ಬಂದೈತಿ, ರವಿವಾರ ತರ್ತೀನಿ. ವಿಳಾಸ ಕಳಸಬ್ಯಾಡ, ನೋಡೀನಿ.