ಸರಣಿ ಕಥೆಗೆ ಪುರಾಣ ಮೊದಲಾ, ನಾಯಕ ಮೊದಲಾ?

5 ಭಾಗಕ್ಕೂ ಬೇಕಾದ ಪುರಾಣ ಕಟ್ಟಿಕೊಂಡೇ ಬರೆಯೋಕೆ ಕೂರಬೇಕಾ ಅಂತ ಕೇಳಿದ್ದೀರಿ. ನಾನು ಕಟ್ಟಿಕೊಂಡಿದ್ದೆ. ಈಗಲೂ ನಮ್ಮನೆ ಅಟ್ಟದ ಮೇಲಿದೆ, 200 ಪುಟದ 3 ನೋಟ್‌ಬುಕ್.

2 ವರ್ಷ ಹಿಡಿಯಿತು. 7 ರಾಜವಂಶ, ನಕಾಶೆ, 13 ತಿಂಗಳ ಪಂಚಾಂಗ, ಸಾವಿಲ್ಲದ ಒಂದು ಆಮೆ. ನಾಯಕನಿಗೆ ಸಿಕ್ಕಿದ್ದು ಒಂದೂವರೆ ಪುಟ. ಆಡಿಯೋ ಕಥೆಗಳ ಕಂಪನಿಯೊಂದಕ್ಕೆ 6 ಕಂತು ಕಳಿಸಿದೆ, ಬೇಡ ಅಂದರು. ಅಕ್ಕನ ಮಗಳಿಗೆ ಓದಿ ಹೇಳಿದೆ. "ಮಾಮ, ಆ ದೋಣಿಯವನು ಮತ್ತೆ ಬರ್ತಾನಾ?" ಅಂದಳು. ಅವನು ಎರಡು ಸಾಲಿನ ಆಸಾಮಿ. ಚಿಲ್ಲರೆ ಇಲ್ಲ ಅಂತ ಸುಳ್ಳು ಹೇಳಿ, ಆಮೇಲೆ ಮನಸ್ಸು ತಡೆಯದೆ ಓಡಿ ಬಂದು ಕೊಡುತ್ತಾನೆ. ನಾಯಕನ ಹೆಸರೇ ಅವಳಿಗೆ ನೆನಪಿರಲಿಲ್ಲ.

ಹಿನ್ನೆಲೆ ಜಾಸ್ತಿಯಾಯಿತೇನೋ ಅಂತ ಮುಕ್ಕಾಲು ಪಾಲು ಕತ್ತರಿಸಿದೆ. ಸರಿಹೋಗಲಿಲ್ಲ. ನನ್ನನ್ನು ಕೆಡಿಸಿದ್ದು ಒಂದೇ ಒಂದು ವಾಕ್ಯ. ಏಳನೇ ವಂಶದ ಕೊನೆಯ ಕುಡಿ ಕತ್ತಲನ್ನು ಗೆಲ್ಲುತ್ತದೆ ಅಂತ ನಾಯಕ ಹುಟ್ಟುವ ಮುಂಚೆಯೇ ಕಾಲಜ್ಞಾನ ಬರೆದಿಟ್ಟಿದ್ದೆ. ಕತ್ತಿ ಹಿಡಿದರೆ ಅದಕ್ಕೆ, ಮನೆ ಬಿಟ್ಟರೆ ಅದಕ್ಕೆ. ಸೇತುವೆ ಮುರಿದಾಗ ತಮ್ಮನನ್ನು ಬಿಟ್ಟು ಓಡಿದ. ಎಂಥಾ ಜಾಗ ಅದು! ಆದರೆ ಅದೂ ಕಾಲಜ್ಞಾನದಲ್ಲಿತ್ತು, ಹಾಗಾಗಿ ಅವನಿಗೆ ನಾಚಿಕೆಯೂ ಆಗಲಿಲ್ಲ. ಪಾಪ, ತಪ್ಪು ಮಾಡೋಕೂ ನಾನು ಅವನನ್ನು ಬಿಟ್ಟಿರಲಿಲ್ಲ. ದೋಣಿಯವನ ಬಗ್ಗೆ ಯಾರೂ ಏನೂ ಬರೆದಿಟ್ಟಿರಲಿಲ್ಲ. ಕೊಡದೆ ಹೋಗಿದ್ದರೂ ನಡೆಯುತ್ತಿತ್ತು, ಆದರೂ ಕೊಟ್ಟ.

ಮಲೆ ಮಾದಪ್ಪನ ಕಥೆ ಹಾಡುವ ಕಂಸಾಳೆಯವರ ಬಾಯಲ್ಲಿ ಸಂಕಮ್ಮನ ಸಾಲು ಕೇಳಿ. ಗಂಡ ಜೇನು ತರಲು ಕಾಡಿಗೆ ಹೊರಟವನು, ಪತಿವ್ರತೆಯಾಗಿರ್ತೀನಿ ಅಂತ ಭಾಷೆ ಕೊಡು ಅಂತಾನೆ. ಅವಳು ಕೊಡಲ್ಲ. ಹಿಂಸೆ ಕೊಟ್ಟರೂ ಕೊಡಲ್ಲ. ದೇವರು ಮಾದಪ್ಪ ಬರೋದು ಆಮೇಲೆ.

1977ರ ಸ್ಟಾರ್ ವಾರ್ಸ್ ನೋಡಿ. ಹಿಂದೆ ನಡೆದ ಕ್ಲೋನ್ ಯುದ್ಧದ ಪ್ರಸ್ತಾಪ ಮಾತಿನ ನಡುವೆ ಬಂದು ಹೋಗುತ್ತದೆ. ಆ ಯುದ್ಧ ಸಿನಿಮಾದಲ್ಲಿ ಶುರುವಾಗಿದ್ದು 2002ರಲ್ಲಿ. ಇದು ನಾಲ್ಕನೇ ಕಂತು ಅನ್ನೋ ಹಣೆಪಟ್ಟಿ ಅಂಟಿಸಿದ್ದೂ 1981ರ ಮರುಬಿಡುಗಡೆಯಲ್ಲೇ. ಮೊದಲ ಸಲ ನೋಡಿದವರಿಗೆ ಸಿಕ್ಕಿದ್ದು, ಊರು ಬಿಡಬೇಕು ಅಂತ ಒದ್ದಾಡುವ ಹುಡುಗ. ಈ ಸುಗ್ಗಿ ಮುಗೀಲಿ ತಡಿ ಅನ್ನುವ ಚಿಕ್ಕಪ್ಪ.

'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ಮೊದಲು ಪುರಾಣವನ್ನೇ ಬರೆದರಲ್ಲ ಅಂತೀರಿ. ಬರೆದರು, ಒಪ್ಪಿದೆ. ಅದು ಪುಸ್ತಕವಾಗಿದ್ದು ಅವರು ತೀರಿಕೊಂಡ 4 ವರ್ಷಕ್ಕೆ. ಅವರ 1937ರ ಕಾದಂಬರಿ 'ಹಾಬಿಟ್‌'ನಲ್ಲಿ ಆ ಹೆಸರಾಂತ ಉಂಗುರ ಸುಮ್ನೆ ಮಾಯವಾಗಿಸುವ ಉಂಗುರ. 'ರಿಂಗ್ಸ್'ನ ದೊಡ್ಡ ಕಥೆಗೆ ಬೇಕಾದಾಗ ಹಾಬಿಟ್‌ನ 1951ರ ಆವೃತ್ತಿಯಲ್ಲಿ, ಮೊದಲು ಉಂಗುರ ಇಟ್ಟುಕೊಂಡಿದ್ದ ಗೊಲ್ಲಮ್‌ನ ಅಧ್ಯಾಯವನ್ನೇ ತಿದ್ದಿದರು.

ಹಾಗಾಗಿ 5 ಭಾಗದ ಲೆಕ್ಕವನ್ನೇ ಬಿಡಿ. ಒಂದು ಕಂತು ಬರೀರಿ. ಅದರಲ್ಲಿ ನಿಮ್ಮ ನಾಯಕ ಎಲ್ಲೋ ಒಂದು ಕಡೆ "ಆಗಲ್ಲ" ಅನ್ನಲಿ, ಅದರಿಂದ ಅವನಿಗೆ ನಷ್ಟವೂ ಆಗಲಿ. ದೇವರುಗಳು ಬೇಕಾದರೆ ಎರಡನೇ ಭಾಗದಲ್ಲಿ ಹುಟ್ಟುತ್ತಾರೆ.

ನಾನೀಗ ದೋಣಿಯವನನ್ನು ಬರೀತಿದ್ದೇನೆ. 4 ಕಂತಾಯಿತು. ಆಮೆಯನ್ನು ಮಾತ್ರ ಬಿಡೋಕೆ ಮನಸ್ಸು ಬರಲಿಲ್ಲ, ದೋಣಿಯ ಕೆಳಗೆ ಈಜ್ತಾ ಇದೆ.