ರಿಂಗ್ ಬಿಟ್ಟ ಅಣ್ಣನ ಮರೆವು, ಕರಗುತ್ತಿರುವ ಹಣ ಮತ್ತು ಮತ್ತೊಂದು ಪಂದ್ಯದ ಆಹ್ವಾನ: ನನ್ನ ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಮೂವತ್ತಾರು ವರ್ಷದ ನಿಮ್ಮ ಅಣ್ಣ ವೃತ್ತಿಪರ ಬಾಕ್ಸಿಂಗ್ ಬಿಟ್ಟು ಎರಡು ವರ್ಷವಾಗಿದೆ. ತಲೆನೋವು, ಮರೆವು ಹೆಚ್ಚುತ್ತಿವೆ, ಸಣ್ಣ ಮಾತಿಗೂ ರೇಗುತ್ತಾರೆ, ಕೂಡಿಟ್ಟ ಹಣ ಕರಗುತ್ತಿದೆ, ಅದರ ನಡುವೆ ಸ್ನೇಹಿತನ ಸಾಲಕ್ಕೆ ಜಾಮೀನು ಬೇರೆ ನಿಂತಿದ್ದಾರೆ, ಈಗ ಪಂದ್ಯ ಏರ್ಪಡಿಸುವ ಪ್ರಮೋಟರ್ ಒಬ್ಬರು ಮುಂಗಡ ಹಿಡಿದುಕೊಂಡು ಮತ್ತೊಂದು ಪಂದ್ಯಕ್ಕೆ ಕರೆಯಲು ಬಂದಿದ್ದಾರೆ. ಇಲ್ಲಿ ಈವರೆಗೆ ಬಂದಿರುವ ಉತ್ತರಗಳಲ್ಲಿ ಆರೋಗ್ಯದ ಬಗ್ಗೆ ಬರೆದವರು ಹಣದ ಮಾತೆತ್ತಿಲ್ಲ, ಹಣದ ಬಗ್ಗೆ ಬರೆದವರು ಆರೋಗ್ಯದ ಗೊಡವೆಗೆ ಹೋಗಿಲ್ಲ. ನಾನು ಕಂಡಂತೆ ಇವೆರಡೂ ಒಂದೇ ಸಮಸ್ಯೆ. ವರ್ಷಗಟ್ಟಲೆ ತಲೆಗೆ ಬಿದ್ದ ಏಟುಗಳು ಹಾಳುಗೆಡಹುವುದು ನೆನಪನ್ನು ಮಾತ್ರವಲ್ಲ. ಮುಂದಾಲೋಚನೆ, ದುಡುಕನ್ನು ತಡೆಯುವ ಶಕ್ತಿ, ಎದುರಿಗಿರುವವರನ್ನು ಅಳೆಯುವ ವಿವೇಚನೆ, ಇವೂ ಅದೇ ಮಿದುಳಿನ ಕೆಲಸಗಳು, ಮತ್ತು ಹಣವನ್ನು ಕಾಯುವುದು ಇವುಗಳೇ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹನ್ನೊಂದು ವರ್ಷ ಒಬ್ಬ ಹಿರಿಯ ಬಾಕ್ಸರ್‌ನ ಸಹಾಯಕನಾಗಿ ರಿಂಗಿನ ಮೂಲೆಯಲ್ಲಿ ಬಕೆಟ್ ಮತ್ತು ಟವೆಲ್ ಹಿಡಿದು ನಿಂತವನು ನಾನು. ಅವರು ನಿವೃತ್ತರಾದ ಮೂರನೆಯ ವರ್ಷದಲ್ಲೂ ಕಣ್ಣು ಮುಚ್ಚಿಕೊಂಡು ಹುಡುಗರ ಕೈಗೆ ಬ್ಯಾಂಡೇಜ್ ಪಟ್ಟಿ ಸುತ್ತುತ್ತಿದ್ದರು, ಒಂದು ಸುತ್ತೂ ಸಡಿಲವಾಗುತ್ತಿರಲಿಲ್ಲ. ಆದರೆ ಅವರ ಸ್ವಂತ ಅಂಗಿಯ ಗುಂಡಿ ಒಂದು ಕಾಜಾ ಕೆಳಗೆ ಜಾರಿರುತ್ತಿತ್ತು. ನಮಗೆ ಅದು ತಮಾಷೆಯಾಗಿ ಕಂಡಿತ್ತು. ಆಮೇಲೆ ಸಹಿ ಹೊಂದುತ್ತಿಲ್ಲವೆಂದು ಅವರ ಚೆಕ್ಕುಗಳು ಬ್ಯಾಂಕಿನಿಂದ ವಾಪಸು ಬರತೊಡಗಿದವು. ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ ಆರಂಭವಾಗಿ, ಕೊನೆಗೆ ಬರುವಷ್ಟರಲ್ಲಿ ಇರುವೆಸಾಲಿನಂತೆ ಸಣ್ಣಗಾಗಿರುತ್ತಿತ್ತು. ಅಕ್ಷರ ಹೀಗೆ ಕುಗ್ಗುವುದು ಪಾರ್ಕಿನ್ಸನ್ (ಕೈಕಾಲು ನಡುಗಿ ಚಲನೆ ನಿಧಾನವಾಗುವ ನರರೋಗ) ಮಾದರಿಯ ತೊಂದರೆಯ ಪರಿಚಿತ ಲಕ್ಷಣವೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಅದೇ ಕುಗ್ಗಿದ ಸಹಿಯನ್ನು ಅವರು ಮೂವರ ಜಾಮೀನು ಪತ್ರಗಳ ಮೇಲೆ ಹಾಕಿ ಮುಗಿಸಿದ್ದರು.

ಮೊದಲು ಭಯ ಎಷ್ಟಿರಬೇಕೋ ಅಷ್ಟೇ ಇರಲಿ. ಬಾಕ್ಸರ್‌ಗಳಲ್ಲಿ ಕಾಣುವ ಈ ಸ್ಥಿತಿಯನ್ನು 1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು ರಿಂಗಿನ ಆಡುಮಾತಿನ ‘ಪಂಚ್ ಡ್ರಂಕ್’ (ಗುದ್ದು ತಿಂದು ಅಮಲೇರಿದವನು) ಎಂಬ ಹೆಸರಿನಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. 1969ರಲ್ಲಿ ಬ್ರಿಟನ್ನಿನಲ್ಲಿ ರಾಬರ್ಟ್ಸ್ ಅವರು 224 ಮಾಜಿ ವೃತ್ತಿಪರ ಬಾಕ್ಸರ್‌ಗಳನ್ನು ಪರೀಕ್ಷಿಸಿದಾಗ 37 ಜನರಲ್ಲಿ, ಅಂದರೆ ಸುಮಾರು ಶೇಕಡ 17ರಷ್ಟು ಮಂದಿಯಲ್ಲಿ, ಏಟಿನಿಂದಾದ ನರಮಂಡಲದ ಹಾನಿ ಕಂಡುಬಂತು. ಹೆಚ್ಚು ಕಾಲ ಆಡಿದವರಲ್ಲಿ, ಹೆಚ್ಚು ಪಂದ್ಯ ಆಡಿದವರಲ್ಲಿ ಅದು ಹೆಚ್ಚಾಗಿತ್ತು. ಅದು ಇಂದಿನ ಸ್ಕ್ಯಾನ್ ಸೌಲಭ್ಯಗಳಿಲ್ಲದ ಕಾಲದ ಲೆಕ್ಕವೆಂಬುದು ನೆನಪಿರಲಿ. ಆದರೂ ಎಲ್ಲ ಬಾಕ್ಸರ್‌ಗಳಿಗೂ ಇದು ಬಂದೇ ತೀರುತ್ತದೆ ಎನ್ನುವುದೂ ತಪ್ಪು, ನಾಕೌಟ್ ಆಗದವರಿಗೆ ಬರುವುದಿಲ್ಲ ಎನ್ನುವುದೂ ತಪ್ಪು. ಎಚ್ಚರ ತಪ್ಪಿಸದ ಸಣ್ಣ ಏಟುಗಳು, ವಿಶೇಷವಾಗಿ ಯಾರ ದಾಖಲೆಗೂ ಸೇರದ ಸ್ಪಾರಿಂಗ್‌ನ (ಅಭ್ಯಾಸದ ಗುದ್ದಾಟದ) ಏಟುಗಳು, ಒಟ್ಟುಗೂಡುತ್ತಾ ಹೋಗುತ್ತವೆ.

ಆದ್ದರಿಂದ ನರರೋಗ ತಜ್ಞರ ಬಳಿ ಹೋಗುವ ಮೊದಲು ಒಂದು ಸಂಜೆ ಅಣ್ಣನ ಜೊತೆ ಕುಳಿತು ಅವರ ಪೂರ್ತಿ ಚರಿತ್ರೆಯನ್ನು ಬರೆಯಿರಿ: ಯಾವ ವಯಸ್ಸಿನಲ್ಲಿ ಕೈಗವಸು ತೊಟ್ಟರು, ಹವ್ಯಾಸಿಯಾಗಿ ಎಷ್ಟು, ವೃತ್ತಿಪರರಾಗಿ ಎಷ್ಟು ಪಂದ್ಯಗಳು, ಎಷ್ಟು ಸಲ ಬಿದ್ದರು, ಎಷ್ಟು ಸಲ ಪಂದ್ಯದ ನಂತರ ವಾಂತಿಯಾಯಿತು ಅಥವಾ ಕೊನೆಯ ಸುತ್ತುಗಳು ನೆನಪಿಗೇ ಬರಲಿಲ್ಲ, ವಾರಕ್ಕೆ ಎಷ್ಟು ದಿನ ಸ್ಪಾರಿಂಗ್, ಎದುರಾಳಿಗಳು ಎಷ್ಟು ಭಾರದವರು. ‘ತಲೆನೋವು’ ಎಂದಷ್ಟೇ ಹೇಳಿದರೆ ಸಿಗುವ ಚಿಕಿತ್ಸೆ ಬೇರೆ, ಈ ಹಾಳೆಯನ್ನು ಮುಂದಿಟ್ಟರೆ ನಡೆಯುವ ಪರೀಕ್ಷೆ ಬೇರೆ. ನಿಮ್ಮ ಅತ್ತಿಗೆಯವರೂ ಜೊತೆಗೆ ಹೋಗಲಿ, ಏಕೆಂದರೆ ಅಣ್ಣ ತಮಗೆ ಏನೂ ಆಗಿಲ್ಲವೆಂದೇ ಹೇಳುತ್ತಾರೆ. ನೋವನ್ನು ತೋರಿಸಿಕೊಳ್ಳಬಾರದೆಂದು ಇಪ್ಪತ್ತು ವರ್ಷ ಅಭ್ಯಾಸ ಮಾಡಿದವರು ವೈದ್ಯರ ಕೋಣೆಯಲ್ಲಿ ಒಂದೇ ದಿನಕ್ಕೆ ಬದಲಾಗುವುದಿಲ್ಲ.

ಸಿಟಿಇ ಎಂದು ಕರೆಯುವ, ಪದೇ ಪದೇ ಏಟು ಬಿದ್ದು ಮಿದುಳು ಕ್ರಮೇಣ ಹಾಳಾಗುವ ಕಾಯಿಲೆಯನ್ನು ಈಗಲೂ ಖಚಿತಪಡಿಸುವುದು ಮರಣಾನಂತರ ಮಿದುಳನ್ನು ಪರೀಕ್ಷಿಸಿದಾಗಲೇ. ಒಂದು ಸ್ಕ್ಯಾನ್ ಮಾಡಿ ‘ಇದೆ’ ಎಂದೋ, ಒಂದು ಔಷಧ ಕೊಟ್ಟು ‘ವಾಸಿಯಾಗುತ್ತದೆ’ ಎಂದೋ ಭರವಸೆ ಕೊಡುವವರಿಗೆ ದಯವಿಟ್ಟು ಹಣ ಸುರಿಯಬೇಡಿ. ಆದರೆ ಅದೇ ಲಕ್ಷಣಗಳನ್ನು ತರುವ, ಚಿಕಿತ್ಸೆಗೆ ಬಗ್ಗುವ ಕಾರಣಗಳು ಹಲವಿವೆ, ಮತ್ತು ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲಿಯೇ. ಮಿದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ಸೇರಿಕೊಂಡ ರಕ್ತ, ಮೈಗ್ರೇನ್, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ, ಕುಡಿತ, ಬಿ12 ಅಥವಾ ಥೈರಾಯ್ಡ್‌ನ ಕೊರತೆ ಇವೆಲ್ಲವೂ ಮರೆವು, ಸಿಡುಕುಗಳನ್ನು ತರುತ್ತವೆ. ಬಾಕ್ಸರ್‌ಗಳ ವಿಷಯದಲ್ಲಿ ತಪ್ಪದೆ ಕೇಳಬೇಕಾದದ್ದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳ ರಕ್ತಪರೀಕ್ಷೆ; ತಲೆಯ ಏಟುಗಳಿಂದ ಆ ಗ್ರಂಥಿ ದುರ್ಬಲಗೊಂಡಾಗ ಆಯಾಸ, ನಿರುತ್ಸಾಹ, ಮೈ ಬರುವುದು ಇವೆಲ್ಲ ಕಾಣಿಸಿಕೊಂಡು, ‘ಆಟ ಬಿಟ್ಟ ಮೇಲೆ ಸೋಮಾರಿಯಾದ’ ಎಂಬ ಹಣೆಪಟ್ಟಿ ಅಂಟಿಬಿಡುತ್ತದೆ. ಆತ್ಮಹತ್ಯೆಯ ಮಾತು ಒಮ್ಮೆ ಬಾಯಿಂದ ಬಂದರೂ ಅದನ್ನು ಕೋಪದ ಮಾತೆಂದು ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಕಣ್ಣಿನ ಬಗ್ಗೆ ಒಂದು ಮಾತು. ಕಣ್ಣೆದುರು ಮಿಂಚು, ತೇಲುವ ಚುಕ್ಕೆಗಳು, ಒಂದು ಬದಿಯಲ್ಲಿ ಪರದೆ ಇಳಿದಂತಾಗುವುದು ಅಕ್ಷಿಪಟಲ (ರೆಟಿನಾ) ಕಳಚುತ್ತಿರುವುದರ ಸೂಚನೆ ಇರಬಹುದು, ಅದಕ್ಕೆ ಮರುದಿನದವರೆಗೂ ಕಾಯಬಾರದು. ಕೈಗಳ ಗೆಣ್ಣು ನೋವು ಪ್ರಾಣಕ್ಕೆ ಕುತ್ತಲ್ಲ, ಆದರೆ ಅದಕ್ಕಾಗಿ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವುದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ.

ಮನೆಯಲ್ಲೇ ಮಾಡಬಹುದಾದ, ಖರ್ಚಿಲ್ಲದ ಒಂದು ಕೆಲಸವಿದೆ. ಪ್ರತಿ ಆರು ತಿಂಗಳಿಗೊಮ್ಮೆ ಅಣ್ಣನಿಂದ ಒಂದೇ ಪುಟವನ್ನು ಜೋರಾಗಿ ಓದಿಸಿ ಫೋನಿನಲ್ಲಿ ಧ್ವನಿಮುದ್ರಣ ಮಾಡಿಡಿ, ಅದೇ ದಿನ ಹತ್ತು ಸಹಿಗಳನ್ನೂ ಹಾಕಿಸಿ. ಮಹಮ್ಮದ್ ಅಲಿಯವರಿಗೆ ಪಾರ್ಕಿನ್ಸನ್ ಲಕ್ಷಣಗಳಿರುವುದನ್ನು ವೈದ್ಯರು ಹೇಳಿದ್ದು 1984ರಲ್ಲಿ, ಅವರ 42ನೆಯ ವಯಸ್ಸಿನಲ್ಲಿ. ಆದರೆ ಅವರ ಹಳೆಯ ಸಂದರ್ಶನಗಳನ್ನು ಸಂಶೋಧಕರು ಅಳೆದಾಗ, ಅದಕ್ಕೆ ಎಷ್ಟೋ ವರ್ಷ ಮೊದಲೇ, ಅವರು ಇನ್ನೂ ಆಡುತ್ತಿದ್ದಾಗಲೇ, ಮಾತಿನ ವೇಗ ಇಳಿಯತೊಡಗಿದ್ದು ಕಂಡಿತು. ಜೊತೆಯಲ್ಲಿರುವವರ ಕಿವಿಗೆ ಇಂಥ ನಿಧಾನ ದಿನದಿಂದ ದಿನಕ್ಕೆ ತಿಳಿಯುವುದಿಲ್ಲ.

ಇನ್ನು ಹಣ. ಬಾಕ್ಸರ್‌ನ ಪಂದ್ಯದ ಮೊತ್ತ ದೊಡ್ಡದಾಗಿ ಕಂಡರೂ ನೂರರಲ್ಲಿ ಮೂವತ್ತಮೂರರವರೆಗೆ ಮ್ಯಾನೇಜರ್‌ಗೆ, ಹತ್ತರಷ್ಟು ಕೋಚ್‌ಗೆ ಹೋಗುವುದು ಈ ವೃತ್ತಿಯಲ್ಲಿ ಸಾಮಾನ್ಯ. ತರಬೇತಿ ಶಿಬಿರದ ಖರ್ಚು, ತೆರಿಗೆ ಕಳೆದರೆ ಕೈಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಬಾಕ್ಸರ್ ಯಾರ ನೌಕರನೂ ಅಲ್ಲದ ಕಾರಣ ಭವಿಷ್ಯ ನಿಧಿ, ಪಿಂಚಣಿ, ನಿವೃತ್ತಿಯ ನಂತರದ ವಿಮೆ ಯಾವುದೂ ತಾನಾಗಿ ಬರುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1982ರಿಂದ ಬಾಕ್ಸರ್‌ಗಳಿಗೆ ಪಿಂಚಣಿ ನಿಧಿ ನಡೆಸುತ್ತಿದೆ, ಈಗ ಅದಕ್ಕೆ ಹಣ ಬರುವುದು ಟಿಕೆಟ್‌ಗಳ ಮೇಲಿನ ಸಣ್ಣ ಶುಲ್ಕದಿಂದ. ಅಲ್ಲಿ ನಿಗದಿತ ಸಂಖ್ಯೆಯ ಸುತ್ತುಗಳನ್ನು ಆಡಿದವರು 50 ವರ್ಷದ ನಂತರ ಹಣ ಪಡೆಯಬಹುದು. ವಿಚಿತ್ರವೆಂದರೆ ಅರ್ಹರಾದ ಎಷ್ಟೋ ಜನರಿಗೆ ಆ ನಿಧಿ ಇರುವುದೇ ಗೊತ್ತಿರಲಿಲ್ಲ. ಅಣ್ಣ ಯಾವ ಯಾವ ಮಂಡಳಿಯ ಅಡಿಯಲ್ಲಿ ಆಡಿದ್ದಾರೋ ಅಲ್ಲೆಲ್ಲ ಒಂದೊಂದು ಪತ್ರ ಬರೆದು, ಕಲ್ಯಾಣ ನಿಧಿ, ಬಾಕಿ ಹಣ, ಗಾಯದ ವಿಮೆ ಏನಾದರೂ ಇದೆಯೇ ಎಂದು ಕೇಳಿ.

ಉಳಿದಿರುವ ಹಣವನ್ನು ಈ ತಿಂಗಳೊಳಗೇ ಎರಡು ಭಾಗ ಮಾಡಿ. ಮನೆ ನಡೆಸಲು ಬೇಕಾದಷ್ಟು ತಿಂಗಳು ತಿಂಗಳು ಒಂದು ಸಣ್ಣ ಖಾತೆಗೆ ಬರಲಿ, ಅದು ಅಣ್ಣನ ಕೈಯಲ್ಲೇ ಇರಲಿ, ಲೆಕ್ಕ ಕೇಳಬೇಡಿ. ದೊಡ್ಡ ಮೊತ್ತ ಮಾತ್ರ ಇಬ್ಬರ ಸಹಿ ಬಿದ್ದರಷ್ಟೇ ತೆಗೆಯಬಹುದಾದ ಜಂಟಿ ಠೇವಣಿಯಲ್ಲಿರಲಿ. ಇದನ್ನು ಅವರ ಬುದ್ಧಿ ನೆಟ್ಟಗಿರುವಾಗ, ಅವರ ಒಪ್ಪಿಗೆಯಿಂದ, ವಕೀಲರ ಮುಂದೆ ಮಾಡಬೇಕು. ಪರಿಸ್ಥಿತಿ ಕೈಮೀರಿದ ಮೇಲೆ ಮಾಡಹೊರಟರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ, ಮನಸ್ಸುಗಳೂ ಮುರಿಯುತ್ತವೆ. ಅವಮಾನವೆನಿಸದಂತೆ ಹೇಳುವುದು ಹೇಗೆಂದು ಕೇಳಿದ್ದೀರಿ. ‘ಮೂಲೆಯಲ್ಲಿ ಒಬ್ಬರಿಲ್ಲದೆ ನೀನು ಯಾವತ್ತಾದರೂ ರಿಂಗಿಗೆ ಇಳಿದಿದ್ದೀಯಾ?’ ಎಂದು ನಾನು ನನ್ನ ಹಿರಿಯರನ್ನು ಕೇಳಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಪೆನ್ನು ಕೊಡು ಎಂದರು. ಈಗಾಗಲೇ ಹಾಕಿರುವ ಜಾಮೀನಿನ ಪತ್ರದ ಪ್ರತಿಯನ್ನು ಪಡೆದು ಅದನ್ನೂ ಅದೇ ವಕೀಲರಿಗೆ ತೋರಿಸಿ.

ಪ್ರಮೋಟರ್ ವಿಷಯ. ‘ಇನ್ನೊಂದೇ ಪಂದ್ಯ ಆಡಿ ಸಾಲ ತೀರಿಸಲಿ’ ಎಂದು ಇಲ್ಲಿ ಒಬ್ಬರು ಬರೆದಿದ್ದಾರೆ. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅಮೆರಿಕದ ಹೆವಿವೇಟ್ ವಿಶ್ವ ಚಾಂಪಿಯನ್ ಜೋ ಲೂಯಿಸ್ 1942ರಲ್ಲಿ ಎರಡು ಪಂದ್ಯಗಳ ತಮ್ಮ ಪಾಲನ್ನು ಸೈನ್ಯ ಮತ್ತು ನೌಕಾಪಡೆಯ ಪರಿಹಾರ ನಿಧಿಗಳಿಗೆ ಕೊಟ್ಟವರು. ಅಂಥವರೂ ತೆರಿಗೆ ಬಾಕಿಯ ಒತ್ತಡದಲ್ಲಿ 1950ರಲ್ಲಿ ಮರಳಿ ಬಂದು ಎಜರ್ಡ್ ಚಾರ್ಲ್ಸ್‌ಗೆ ಸೋತರು, ಮರುವರ್ಷ ರಾಕಿ ಮಾರ್ಸಿಯಾನೊ ಏಟಿಗೆ ಹಗ್ಗದಾಚೆಗೆ ಬಿದ್ದರು, ಸಾಲವಂತೂ ತೀರಲಿಲ್ಲ. ವೈದ್ಯಕೀಯ ಅನುಮತಿ ಸಿಕ್ಕರೆ ಆಡಬಹುದಲ್ಲವೇ ಎಂಬ ಪ್ರಶ್ನೆಗೆ ಅಲಿಯವರದೇ ಉದಾಹರಣೆ ಇದೆ: 1980ರಲ್ಲಿ ಆಗಿನ ಚಾಂಪಿಯನ್ ಲ್ಯಾರಿ ಹೋಮ್ಸ್ ಜೊತೆಗಿನ ಪಂದ್ಯಕ್ಕೆ ಮೊದಲು ನಡೆದ ಪರೀಕ್ಷೆಯಲ್ಲಿ ಬೆರಳಿನಿಂದ ಮೂಗಿನ ತುದಿ ಮುಟ್ಟುವಾಗ ಅವರ ಗುರಿ ತುಸು ತಪ್ಪುತ್ತಿತ್ತು, ಕುಪ್ಪಳಿಸುವಾಗ ನಿರೀಕ್ಷಿಸಿದ ಚುರುಕು ಇರಲಿಲ್ಲ, ಆದರೂ ಪರವಾನಗಿ ಸಿಕ್ಕಿತು. ಹತ್ತು ಸುತ್ತುಗಳ ನಂತರ ಅವರ ಮೂಲೆಯವರೇ ಪಂದ್ಯ ನಿಲ್ಲಿಸಬೇಕಾಯಿತು. ಈಗಾಗಲೇ ಮರೆವು ಇರುವ ತಲೆಗೆ ಮತ್ತೆ ಏಟು ಬೀಳುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಡವನ್ನು ಮುಟ್ಟಬೇಡಿ, ಅದು ಈಗಾಗಲೇ ಖಾತೆಗೆ ಬಂದಿದ್ದರೆ ಖರ್ಚಾಗುವ ಮೊದಲೇ ಲಿಖಿತವಾಗಿ ಹಿಂದಿರುಗಿಸಿ.

ಹಾಗಾದರೆ ದುಡಿಮೆಗೇನು ಎಂದರೆ, ಜಿಮ್ಮಿನಲ್ಲೇ ತರಬೇತಿ ಕೊಡುವ ಕೆಲಸ ಅಣ್ಣನಿಗೆ ಹಣಕ್ಕಿಂತ ಹೆಚ್ಚಿನದನ್ನು ಕೊಡಬಹುದು: ಎದ್ದು ಹೋಗಲು ಒಂದು ಜಾಗ, ಹೆಸರು ಹಿಡಿದು ಕರೆಯುವ ಜನ. ಅಮೆರಿಕದ ಬಾಕ್ಸರ್ ಫ್ರೆಡ್ಡಿ ರೋಚ್ ತಮ್ಮ ಕೋಚ್‌ನ ಎಚ್ಚರಿಕೆ ಮೀರಿ ಆಡಿ ಪಾರ್ಕಿನ್ಸನ್‌ಗೆ ತುತ್ತಾದರು, ಆಮೇಲೆ ಫಿಲಿಪ್ಪೀನ್ಸ್‌ನ ವಿಶ್ವ ಚಾಂಪಿಯನ್ ಮ್ಯಾನಿ ಪ್ಯಾಕಿಯಾವೊ ಅವರ ಕೋಚ್ ಆಗಿ ಹೆಸರು ಮಾಡಿದರು. ಎಲ್ಲರಿಗೂ ಅಷ್ಟು ದೊಡ್ಡ ಶಿಷ್ಯ ಸಿಗುವುದಿಲ್ಲ, ಅದು ಬೇರೆ ಮಾತು. ಷರತ್ತು ಒಂದೇ, ‘ಸುಮ್ಮನೆ ಹಗುರವಾಗಿ’ ಎಂದು ಹುಡುಗರ ಜೊತೆ ಸ್ಪಾರಿಂಗ್‌ಗೆ ಇಳಿಯಕೂಡದು. ಇದನ್ನು ಜಿಮ್ಮಿನ ಮಾಲೀಕರಿಗೆ ನೀವೇ ಮೊದಲು ಹೇಳಿಡಿ, ಏಕೆಂದರೆ ಹುಡುಗರು ಹುರಿದುಂಬಿಸಿದಾಗ ಅಣ್ಣ ಬೇಡವೆನ್ನುವುದು ಕಷ್ಟ.

ಪಂದ್ಯಗಳ ಚರಿತ್ರೆ ಬರೆಯಲು ನಾವು ಬಳಸಿದ ಹಾಳೆಯ ನಮೂನೆ ನನ್ನ ಬಳಿ ಇದೆ. ಬೇಕಿದ್ದರೆ ತಿಳಿಸಿ, ಅದರ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ. ವೈದ್ಯರ ಭೇಟಿಯ ದಿನ ನಿಗದಿಯಾದ ಮೇಲೆ ಯಾವ ಪರೀಕ್ಷೆಗಳನ್ನು ಬರೆದುಕೊಟ್ಟರೆಂದೂ ತಿಳಿಸಿ.